ಒಲೆಯ ಸುತ್ತ ಕೂತವರು, ಮಾಂಸ ಕೊಯ್ದವರು

ಕೊರಿಯನ್ ಬಾರ್ಬೆಕ್ಯೂ ಊಟಕ್ಕೆ ಮನೆಗೆ ಜನರನ್ನು ಕರೆದರೆ ಒಂದು ಅನುಕೂಲ ಇದೆ. ಅರ್ಧ ಅಡುಗೆಯನ್ನು ಅತಿಥಿಗಳೇ ಮಾಡಿಕೊಳ್ಳುತ್ತಾರೆ :-) ಟೇಬಲ್ಲಿನ ನಡುವೆ ಪುಟ್ಟ ಗ್ಯಾಸ್ ಒಲೆ, ಅದರ ಮೇಲೆ ಕಬ್ಬಿಣದ ತವಾ. ಸುತ್ತ ಲೆಟ್ಯೂಸ್ ಎಲೆ, ಬೆಳ್ಳುಳ್ಳಿ ಹೋಳು, ಕಿಮ್ಚಿ, ಹುದುಗಿಸಿದ ಸೋಯಾ ಕಾಳಿನ ಖಾರದ ಚಟ್ನಿ. ಬೆಂದ ಮಾಂಸವನ್ನು ತವಾ ಮೇಲೇ ಕತ್ತರಿಯಿಂದ ತುಂಡು ಮಾಡಿ, ಎಲೆಯಲ್ಲಿ ಸುತ್ತಿ, ವೀಳ್ಯದ ಹಾಗೆ ಒಂದೇ ಸಲಕ್ಕೆ ಬಾಯಿಗಿಡಬೇಕು.

ಎಲ್ಲರೂ ಒಂದೇ ಬೆಂಕಿಯ ಸುತ್ತ ಕೂತು ಉಣ್ಣುವುದು ನೋಡಿದರೆ ಇದಕ್ಕಿಂತ ಒಳ್ಳೆಯ ಸಹಪಂಕ್ತಿ ಭೋಜನ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ಇದರ ಇತಿಹಾಸ ಅಷ್ಟು ಸರಳವಲ್ಲ.

ಗೊರ್ಯೊ ರಾಜ್ಯದ ಕಾಲದಲ್ಲಿ (918–1392) ಕೊರಿಯಾ ಬೌದ್ಧರ ನಾಡು. 1123ರಲ್ಲಿ ಚೀನಾದಿಂದ ರಾಯಭಾರಿಗಳ ಜೊತೆ ಬಂದಿದ್ದ ಶು ಜಿಂಗ್ ಎಂಬಾತ, ಇಲ್ಲಿನವರಿಗೆ ಪ್ರಾಣಿ ಕೊಯ್ಯುವುದೇ ಸರಿಯಾಗಿ ಬರುವುದಿಲ್ಲ ಎಂದು ಬರೆದಿಟ್ಟ. 1231ರಿಂದ ಮಂಗೋಲರು ದಾಳಿ ಮಾಡಿ ಇಲ್ಲೇ ಬೇರೂರಿದ ಮೇಲೆ ಮಾಂಸದೂಟ ಮತ್ತೆ ಹೆಚ್ಚಿತು. ಮುಂದೆ ಬಂದ ಜೋಸನ್ ದೊರೆಗಳು, ಉಳುಮೆಗೆ ಎತ್ತು ಬೇಕು ಅಂತ ಗೋವಧೆಯನ್ನು ಮತ್ತೆ ಮತ್ತೆ ನಿಷೇಧಿಸಿದರು. ತಿನ್ನುವವರು ಬಿಡಲಿಲ್ಲ. 1849ರ 'ದೊಂಗುಕ್ ಸೆಸಿಗಿ' ಎಂಬ ಪುಸ್ತಕದಲ್ಲಿ ಸಿಯೋಲ್ ಜನರ ಚಳಿಗಾಲದ ಒಂದು ಕೂಟದ ವರ್ಣನೆ ಇದೆ: ಇದ್ದಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆ, ಎಣ್ಣೆ, ಸೋಯಾ ರಸ, ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿದ ದನದ ಮಾಂಸ, ಸುತ್ತ ಕೂತ ಜನ. ಇವತ್ತಿನ ಬಾರ್ಬೆಕ್ಯೂನೇ, ಅಲ್ವಾ?

ಹಾಗಾದರೆ ಆ ಮಾಂಸ ಕೊಯ್ದು ಕೊಟ್ಟವರು ಯಾರು?

ಅವರ ಹೆಸರು ಬೆಕ್‌ಜಂಗ್. ಇದೂ ಒಂದು ವಿಚಿತ್ರ ಕಥೆ. ಕೊರಿಯನ್ನರಿಗೆ ಹಂಗುಲ್ ಲಿಪಿ ಕೊಟ್ಟ ದೊರೆ ಸೇಜೋಂಗ್, 1423ರಲ್ಲಿ ಈ ಅಲೆಮಾರಿ ಕಟುಕರನ್ನು ಊರಿನವರ ಜೊತೆ ಬೆರೆಸಲು ಸಾಮಾನ್ಯ ರೈತರಿಗಿದ್ದ 'ಬೆಕ್‌ಜಂಗ್' ಎಂಬ ಹೆಸರನ್ನೇ ಅವರಿಗೂ ಕೊಟ್ಟ. ಆಗಿದ್ದೇನು? ಕಟುಕರು ಮೇಲೆ ಬರಲಿಲ್ಲ, ರೈತರೇ ಆ ಹೆಸರು ಬಿಟ್ಟರು! ಹೆಸರು ಬೈಗುಳವಾಯಿತು. ಬೆಕ್‌ಜಂಗರು ಊರಾಚೆ ಇರಬೇಕು, ಮನೆಗೆ ಹೆಂಚು ಹೊದಿಸಬಾರದು, ರೇಷ್ಮೆ ಉಡಬಾರದು, ಬೇರೆಯವರ ಮಕ್ಕಳಿಗೂ ತಲೆ ಬಾಗಬೇಕು. ಎಲ್ಲೋ ಕೇಳಿದ ಹಾಗಿದೆಯಲ್ಲ?

1894ರ ಸುಧಾರಣೆಗಳು ಈ ಭೇದವನ್ನು ಕಾನೂನಿನಿಂದ ತೆಗೆದುಹಾಕಿದವು, ಜನರ ತಲೆಯಿಂದಲ್ಲ. ಮರುವರ್ಷವೇ ಸಿಯೋಲಿನ ಒಂದು ಚರ್ಚಿಗೆ ಪಾರ್ಕ್ ಸಂಗ್-ಚುನ್ ಎಂಬ ಕಟುಕ ಸೇರಿದಾಗ, ಅವನ ಜೊತೆ ಕೂರಲು ಒಪ್ಪದೆ ಕುಲೀನರು ಎದ್ದುಹೋದರು. ಅದೇ ಕಟುಕನ ಮಗ ಪಾರ್ಕ್ ಸಿಯೋ-ಯಾಂಗ್ 1908ರಲ್ಲಿ ಸಿಯೋಲಿನ ಸೆವರೆನ್ಸ್ ವೈದ್ಯಕೀಯ ಶಾಲೆಯಿಂದ ಹೊರಬಂದ ಮೊದಲ ಏಳು ಡಾಕ್ಟರುಗಳಲ್ಲಿ ಒಬ್ಬನಾದ.

1923ರಲ್ಲಿ, ಅಂದರೆ ಸೇಜೋಂಗ್ ಹೆಸರು ಕೊಟ್ಟ ಸರಿಯಾಗಿ 500 ವರ್ಷಕ್ಕೆ, ಜಿಂಜು ಊರಿನಲ್ಲಿ ಬೆಕ್‌ಜಂಗರು 'ಹ್ಯಂಗ್‌ಪ್ಯಂಗ್‌ಸಾ' ಎಂಬ ಸಂಘ ಕಟ್ಟಿದರು. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದ ಸಿಟ್ಟು ಅದರ ಹಿಂದಿತ್ತು. 'ಹ್ಯಂಗ್' ಅಂದರೆ ತಕ್ಕಡಿ. ಮಾಂಸ ತೂಗುವ ತಕ್ಕಡಿಯನ್ನೇ ಸಮಾನತೆಯ ಗುರುತು ಮಾಡಿಕೊಂಡರು. ಅಂಬೇಡ್ಕರ್ ಅವರು ಮಹಾಡದ ಕೆರೆಯ ನೀರು ಮುಟ್ಟಿದ್ದು ಇದಾಗಿ ನಾಲ್ಕು ವರ್ಷಕ್ಕೆ, 1927ರಲ್ಲಿ.

ಕೊರಿಯಾ ಯುದ್ಧ (1950–53) ಊರೂರುಗಳನ್ನೇ ಚೆಲ್ಲಾಪಿಲ್ಲಿ ಮಾಡಿದ ಮೇಲೆ ಯಾರು ಯಾವ ಮನೆತನ ಎಂಬ ಲೆಕ್ಕ ಮಸುಕಾಗುತ್ತ ಬಂತು. ಆಮೇಲೆ ಸಂಬಳ ಏರಿತು, ಹಂದಿ ಸಾಕಣೆ ಬೆಳೆಯಿತು, 1980ರ ದಶಕದಲ್ಲಿ ಟೇಬಲ್ಲಿಗೆ ಕೈಯಲ್ಲೆತ್ತಿಕೊಂಡು ಹೋಗುವ ಗ್ಯಾಸ್ ಒಲೆ ಮನೆಮನೆಗೆ ಬಂತು. ಹಿಂದೆ ಉಳ್ಳವರದ್ದಾಗಿದ್ದ ಕೂಟ ಎಲ್ಲರದ್ದೂ ಆಗಿದ್ದು ಹೀಗೆ.

ಇವತ್ತು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 'ಬೆಕ್‌ಜಂಗ್' ಅಂತಲೇ ಬೋರ್ಡು ಹಾಕಿಕೊಂಡ ಬಾರ್ಬೆಕ್ಯೂ ಹೋಟೆಲಿದೆ. ಬೈಗುಳ ಆಗಿದ್ದ ಹೆಸರು ಬೋರ್ಡಾಗಿದೆ, ಜನ ಅದರ ಕೆಳಗೆ ಕ್ಯೂ ನಿಲ್ಲುತ್ತಾರೆ. ನಮ್ಮಲ್ಲಿ ಬೈಗುಳವಾಗಿ ಬಳಕೆಯಲ್ಲಿರುವ ಜಾತಿ ಹೆಸರುಗಳಿಗೆ ಅಂಥ ದಿನ ಯಾವಾಗ ಬರುತ್ತೋ?