ಮುರಿದ ಸ್ಪಾರ್ಕ್ ಪ್ಲಗ್ ತೆಗೆಯುವಿಕೆ

ಸಿಲಿಂಡರ್ ಹೆಡ್‌ನಲ್ಲಿ ತುಂಡಾಗಿ ಉಳಿದ ಸ್ಪಾರ್ಕ್ ಪ್ಲಗ್ಗನ್ನು ಥ್ರೆಡ್ ಕೆಡದಂತೆ ಹೊರತೆಗೆಯುವ ಕೆಲಸ. ಹುಮನಾಬಾದ್–ಬಸವಕಲ್ಯಾಣ ನಡುವಿನ ರಾಜೇಶ್ವರದಲ್ಲಿ ಓಡುವ ಬೈಕಿಗೂ ಅಮೆರಿಕದ ಫೋರ್ಡ್ ಟ್ರೈಟನ್ 5.4 ಲೀಟರ್ ಎಂಜಿನ್ನಿಗೂ ಇದು ಒಂದೇ ಪಾಡು. ಆ ಫೋರ್ಡ್‌ನ ಎರಡು ತುಂಡಿನ ಪ್ಲಗ್ ಮುರಿಯುವುದಕ್ಕೇ ಹೆಸರಾಯಿತು.

ಪ್ಲಗ್ಗಿನ ಕವಚ ಉಕ್ಕು, ಹೆಡ್ ಅಲ್ಯೂಮಿನಿಯಂ. ವರ್ಷಗಟ್ಟಲೆ ಬಿಚ್ಚದಿದ್ದರೆ ಎರಡೂ ಕಚ್ಚಿಕೊಳ್ಳುತ್ತವೆ. ಸ್ಪ್ಲೆಂಡರ್ ಬೈಕಿನ 10 ಮಿ.ಮೀ. ಪ್ಲಗ್ಗಿನ ಮೇಲೆ ಪಾನಾ ಓರೆಯಾದರೂ ಪಿಂಗಾಣಿ ಒಡೆಯಬಹುದು.

ಮೊದಲು ಗಾಳಿ ಊದಿ ಚೂರು ತೆಗೆಯಬೇಕು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಗಂಟೆಗಟ್ಟಲೆ ಕಾಯಬೇಕು. ಇಲ್ಲಿನ ಅವಸರವೇ ಹೆಡ್ ಹಾಳುಮಾಡುವುದು. ಬಳಿಕ ಉಳಿದ ಕವಚದೊಳಗೆ ಎಕ್ಸ್‌ಟ್ರಾಕ್ಟರ್ ಬಡಿದು ಕೂರಿಸಿ, ನಿಧಾನವಾಗಿ ಎಡಕ್ಕೆ ತಿರುಗಿಸಬೇಕು. ಪಿಂಗಾಣಿ ಚೂರು ಒಳಗೆ ಬಿದ್ದರೆ ಸಿಲಿಂಡರ್ ಗೋಡೆಯನ್ನು ಗೀಚುತ್ತದೆ. ಆಗ ಹೆಡ್ ಬಿಚ್ಚಿಸುವುದೇ ಲೇಸು.

ಥ್ರೆಡ್ ಕೆಟ್ಟಿದ್ದರೆ ಹೆಲಿಕಾಯಿಲ್ ಎಂಬ ಸುರುಳಿ ತಂತಿಯ ಥ್ರೆಡ್ ಕೂರಿಸಬಹುದು.