ಕಮ್ಮಾರನ ಕುಲುಮೆಯ ಗಾಲ್ಫ್ ಕೋಲು

ಗಾಲ್ಫ್ ಆಟದ ‘ಐರನ್’ ಒಂದು ಕಾಲಕ್ಕೆ ಅಪ್ಪಟ ಕಮ್ಮಾರಿಕೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಟಾಮ್ ಸ್ಟೀವರ್ಟ್ ಕಾದ ಕಬ್ಬಿಣ ಬಡಿದು ಕೋಲಿನ ತಲೆ ಮಾಡಿ, ಸೇದುವ ಪೈಪಿನ ಮುದ್ರೆ ಒತ್ತುತ್ತಿದ್ದರು. ಅಮೆರಿಕದ ಬಾಬಿ ಜೋನ್ಸ್ ಚೀಲದಲ್ಲೂ ಆ ಮುದ್ರೆಯ ಕೋಲುಗಳಿದ್ದವು.

1960ರ ದಶಕದಲ್ಲಿ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ ತೂಕವನ್ನು ಅಂಚಿಗೆ ಹಂಚಿದ ಎರಕದ ಕೋಲು ತಂದರು. ಏಟು ನಡುಭಾಗ ತಪ್ಪಿದರೂ ಚೆಂಡು ಹೆಚ್ಚು ದಾರಿ ಬಿಡದು. ಹಳೆಯದರಲ್ಲಿ ಆ ರಿಯಾಯಿತಿ ಇಲ್ಲ. ತಪ್ಪಿದರೆ ಅಂಗೈ ಜುಮ್ಮೆನ್ನುತ್ತದೆ. ಸರಿಯಾಗಿ ತಗುಲಿದರೆ ಹೊಡೆದದ್ದೇ ತಿಳಿಯದು. ಅದಕ್ಕಾಗಿಯೇ ಇಂದಿಗೂ ಅದನ್ನು ಬಯಸುವವರಿದ್ದಾರೆ.

1949ರ ಅಪಘಾತದಲ್ಲಿ ಮೂಳೆ ಮುರಿದಿದ್ದ ಬೆನ್ ಹೋಗನ್, 1950ರ ಅಮೆರಿಕ ಓಪನ್‌ನ 72ನೇ ಕುಳಿಯಲ್ಲಿ ಬೀಸಿದ್ದು 1ನೇ ನಂಬರಿನ ಐರನ್. ಮಾರನೆಯ ದಿನ ಪ್ರಶಸ್ತಿ ಗೆದ್ದರು. ಕಳುವಾಗಿದ್ದ ಆ ಕೋಲು ಮೂರು ದಶಕಗಳ ಮೇಲೆ ಸಿಕ್ಕಾಗ, ಅದರ ಮುಖ ಸವೆದಿದ್ದದ್ದು ಒಂದೇ ಕಡೆ, ಸಣ್ಣ ನಾಣ್ಯದಷ್ಟು ಅಗಲ.