ಜಗತಿ: ಕೇಶವ ದೇವಾಲಯ, ಸೋಮನಾಥಪುರ
(ತಿ. ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ)

ನೀವು ಹತ್ತಿ ನಿಂತಿರುವ ಈ ಕಲ್ಲಿನ ಕಟ್ಟೆಯೇ ಜಗತಿ. ಬಂದವರೆಲ್ಲ ಮೊದಲು ಗೋಪುರದತ್ತ ತಲೆಯೆತ್ತುತ್ತಾರೆ; ಒಮ್ಮೆ ಕಾಲಡಿಗೂ ನೋಡಿ. ಮೂರು ಗರ್ಭಗುಡಿಗಳ ನಕ್ಷತ್ರಾಕಾರದ ಅಂಚನ್ನೇ ಅನುಸರಿಸಿ ಜಗತಿಯೂ ಮೂಲೆಮೂಲೆಯಾಗಿ ತಿರುಗುತ್ತದೆ. ಗುಡಿಯ ಒಳಗೆ ಸುತ್ತು ಬರಲು ದಾರಿಯಿಲ್ಲ, ಪ್ರದಕ್ಷಿಣೆ ಇದರ ಮೇಲೆಯೇ.

ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಈ ದೇವಾಲಯವನ್ನು ಕಟ್ಟಿಸಿದ. ಎಡದಿಂದ ಹೊರಡಿ: ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂಬದಿಯಲ್ಲಿ ಭಾಗವತ, ಉತ್ತರದಲ್ಲಿ ಮಹಾಭಾರತ. ಬಲಗಡೆಯಿಂದ ಸುತ್ತಿದರೆ ಕಥೆ ಹಿಂದುಮುಂದಾದೀತು! ಕೆಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ.

ಇಲ್ಲೀಗ ನಿತ್ಯಪೂಜೆಯಿಲ್ಲ. ಮೂಲ ಕೇಶವ ವಿಗ್ರಹವೂ ಉಳಿದಿಲ್ಲ. ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ಬೇಲೂರು, ಹಳೇಬೀಡುಗಳೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಬಳಪದ ಕಲ್ಲು ಮೃದು. ಕೈಯ ಜಿಡ್ಡು, ಬೆವರು ಅದಕ್ಕೆ ಒಳ್ಳೆಯದಲ್ಲ. ದಯವಿಟ್ಟು ಶಿಲ್ಪಗಳನ್ನು ಮುಟ್ಟಬೇಡಿ, ಜಗತಿಯ ಅಂಚಿನಲ್ಲಿ ಕೂರಬೇಡಿ.